ಬೂಟಿನ ಹಾಜರಿ

ನಮ್ಮ ಮನೆಯ ಟ್ರಂಕಿನಲ್ಲಿ ಸನ್ಮಾನದ ಶಾಲೊಂದಿದೆ. ಅದನ್ನು ಯಾರೂ ಹೊದೆಯುವುದಿಲ್ಲ. ನಮ್ಮ ಸೀಮೆಯಲ್ಲಿ ಶಾಲು ಬೇಡುವಂಥ ಚಳಿ ವರ್ಷಕ್ಕೆ ಹದಿನೈದು ದಿನ ಬಿದ್ದರೆ ಹೆಚ್ಚು. ಸನ್ಮಾನದ ಶಾಲುಗಳು ಆ ಹದಿನೈದು ದಿನಕ್ಕೂ ಒದಗದಷ್ಟು ತೆಳ್ಳಗಿರುತ್ತವೆ. ಯಾವುದಾದರೂ ಸಮಾರಂಭದಲ್ಲಿ ಯಾರಿಗಾದರೂ ಹೊದಿಸಿ ಕೈ ತೊಳೆದುಕೊಳ್ಳೋಣ ಎಂಬುದು ನನ್ನ ಹೆಂಡತಿಯ ಸಲಹೆ. ನಾನು ಬೇಡವೆನ್ನುತ್ತ ಬಂದಿದ್ದೇನೆ. ಅವಳು ಇದನ್ನು ಅಭಿಮಾನ ಎಂದುಕೊಂಡಿದ್ದಾಳೆ. ಅಭಿಮಾನವಲ್ಲ, ಆ ಶಾಲು ನನ್ನದಲ್ಲ. ಒಬ್ಬನದನ್ನು ತೆಗೆದು ಇನ್ನೊಬ್ಬನಿಗೆ ಹೊದಿಸುವ ಕೆಲಸವನ್ನು ನಾನು ಜೀವನದಲ್ಲಿ ಒಮ್ಮೆ ಮಾಡಿದ್ದೇನೆ, ಅಷ್ಟು ಸಾಕು.

ಯಾರದು ಎಂದು ಹೇಳಬೇಕಾದರೆ ನಮ್ಮ ಹೈಸ್ಕೂಲಿನ ಚರಿತ್ರೆ ಹೇಳಬೇಕಾಗುತ್ತದೆ. ಗಾಬರಿಯಾಗಬೇಡಿ, ಅದು ಇಪ್ಪತ್ತೈದೇ ವರ್ಷದ ಚರಿತ್ರೆ. ಊರಿನ ಹೆಸರನ್ನೂ ಶಾಲೆಯ ಹೆಸರನ್ನೂ ಹೇಳುವುದಿಲ್ಲ. ವಾಡಿ ಜಂಕ್ಷನ್ನಿಗೂ ಸೇಡಂಗೂ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ. ನನಗೆ ಅಲ್ಲಿ ಇನ್ನೂ ಇಪ್ಪತ್ತು ವರ್ಷದ ನೌಕರಿ ಬಾಕಿ ಇದೆ. ಧೈರ್ಯ ಕಡಿಮೆ ಇರುವವರು ಬರೆಯುವ ಚರಿತ್ರೆಯಲ್ಲಿ ಹೆಸರುಗಳು ಕಡಿಮೆ ಇರುತ್ತವೆ.

ಶಾಲೆಯ ಕಟ್ಟಡ ನಿಜಾಮರ ಕಾಲದಲ್ಲಿ ಕರೋಡಗಿರಿ ನಾಕಾ ಆಗಿತ್ತು. ಅಂದರೆ ಬಂದುಹೋಗುವ ಬಂಡಿಗಳನ್ನು ನಿಲ್ಲಿಸಿ, ಚೀಲ ಬಿಚ್ಚಿಸಿ, ಸುಂಕ ವಸೂಲು ಮಾಡುವ ಜಾಗ. ರಾಜ್ಯ ಒಂದಾಗಿ ನಾವು ಮೈಸೂರಿನವರಾದ ಮರುವರ್ಷ ಅಲ್ಲಿ ಹೈಸ್ಕೂಲು ತೆರೆದರು. ನೆಲ ಫರಸಿ, ಗೋಡೆ ಫರಸಿ, ಛಾವಣಿಯೂ ಫರಸಿ. ಶಹಾಬಾದದ ಕಲ್ಲು ಎಂದು ನೀವು ದೂರದ ಊರುಗಳಲ್ಲಿ ಹಣ ಕೊಟ್ಟು ಹಾಕಿಸಿಕೊಳ್ಳುತ್ತೀರಲ್ಲ, ಅದೇ. ಏಪ್ರಿಲ್ ತಿಂಗಳಲ್ಲಿ ಆ ಕಲ್ಲಿನ ಛಾವಣಿಯ ಕೆಳಗೆ ಕುಳಿತು ಪರೀಕ್ಷೆ ಬರೆದವರು ಮುಂದೆ ಯಾವ ಕಷ್ಟಕ್ಕೂ ಅಂಜುವುದಿಲ್ಲ ಎಂದು ಮೊದಲ ಹೆಡ್ಮಾಸ್ತರರು ಹೇಳುತ್ತಿದ್ದರಂತೆ. ಅವರು ಸಹಿಯನ್ನು ಉರ್ದುವಿನಲ್ಲಿ ಹಾಕುತ್ತಿದ್ದರು. ಬಾಗಿಲ ಮೇಲಿನ ಉರ್ದು ಹಲಗೆಗೆ ಬಿಳಿಯ ಬಣ್ಣ ಬಳಿದು ಕನ್ನಡದಲ್ಲಿ ಶಾಲೆಯ ಹೆಸರು ಬರೆಸಿದರು. ಮಳೆ ಬಂದು ಹಲಗೆ ನೆನೆದರೆ ಕನ್ನಡದ ಕೆಳಗಿನಿಂದ ನಾಕಾದ ಅಕ್ಷರಗಳು ಕಾಣಿಸಿಕೊಳ್ಳುತ್ತಿದ್ದವು. ಬಿಸಿಲು ಬಂದ ಮೇಲೆ ಮತ್ತೆ ಹೈಸ್ಕೂಲು.

ಕಳೆದ ವರ್ಷ ಬೆಳ್ಳಿಹಬ್ಬದ ಸ್ಮರಣಸಂಚಿಕೆಗಾಗಿ ಈ ಚರಿತ್ರೆಯನ್ನು ಬರೆಯುವ ಕೆಲಸ ನನಗೆ ಬಿತ್ತು. ಇದೇ ಶಾಲೆಯಲ್ಲಿ ಓದಿ ಇದೇ ಶಾಲೆಯಲ್ಲಿ ಮಾಸ್ತರನಾದವನು ನಾನೊಬ್ಬನೇ ಎಂಬುದು ಅದಕ್ಕೆ ಕಾರಣ. ಹಳೆಯ ಕಾಗದಗಳನ್ನು ಕೆದಕಿದೆ. ಯಾರು ಬಂದು ಅಡಿಗಲ್ಲು ಇಟ್ಟರು, ಯಾರು ಬಂದು ರಿಬ್ಬನ್ ಕತ್ತರಿಸಿದರು, ಯಾರ ಘನ ಉಪಸ್ಥಿತಿ ಇತ್ತು ಎಂಬುದೆಲ್ಲ ಸಿಕ್ಕಿತು. ಅಡಿಗಲ್ಲುಗಳು ನಾಲ್ಕು, ಕಟ್ಟಡಗಳು ಎರಡು. ಕಲ್ಲಿಗೆ ನಮ್ಮಲ್ಲಿ ಬರವಿಲ್ಲ ನೋಡಿ. ಆ ಕಟ್ಟಡಗಳಲ್ಲಿ ಕುಳಿತು ಓದಿದ ಹುಡುಗರ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಇದರಲ್ಲಿ ನಮ್ಮ ಶಾಲೆಯ ತಪ್ಪೇನೂ ಇಲ್ಲ, ಇದು ಈ ನೆಲದ ಹಳೆಯ ರೂಢಿ. ನಮ್ಮ ಊರಿನಿಂದ ಬಸ್ಸಿನಲ್ಲಿ ಅರ್ಧ ತಾಸು ಹೋದರೆ ಮಳಖೇಡ. ರಾಷ್ಟ್ರಕೂಟರ ರಾಜಧಾನಿ. ಅಲ್ಲಿಂದ ಹೊರಟ ಸೈನ್ಯ ಗಂಗೆಯಲ್ಲಿ ಕುದುರೆಗಳಿಗೆ ನೀರು ಕುಡಿಸಿಕೊಂಡು ಬಂದಿತೆಂದು ನಾನು ವರ್ಷಕ್ಕೊಮ್ಮೆ ತರಗತಿಯಲ್ಲಿ ಉಬ್ಬಿ ಪಾಠ ಮಾಡುತ್ತೇನೆ. ಆ ಸೈನ್ಯದ ಆನೆಗಳ ಮಾತು ಬರುತ್ತದೆ, ಕುದುರೆಗಳ ಮಾತು ಬರುತ್ತದೆ. ಕಾಗಿಣೆ ಹೊಳೆಯ ದಂಡೆಯಿಂದ ಗಂಗೆಯ ತನಕ ನಡೆದವರ ಕಾಲಿನಲ್ಲಿ ಏನಿತ್ತು ಎಂಬುದನ್ನು ಯಾರೂ ಕೆತ್ತಿಸಿಲ್ಲ.

ನನಗೆ ಗೊತ್ತಿರುವ ಸೈನ್ಯದಲ್ಲಿ ಮೂವತ್ತು ಜನರಿದ್ದರು. ಅವರ ಕಾಲಿನಲ್ಲಿ ಏನಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತು.

ಚೀನಾದ ಯುದ್ಧವಾದ ಮೇಲೆ ಸರಕಾರಕ್ಕೆ ಹುಡುಗರ ನೆನಪಾಗಿ ನಮ್ಮ ಶಾಲೆಗೂ ಎನ್.ಸಿ.ಸಿ. ಬಂತು. ಭೂಗೋಳದ ರಾವ್ ಸರ್ ಅವರನ್ನು ನಾಗಪುರದ ಕಡೆ ತರಬೇತಿಗೆ ಕಳಿಸಿದರು. ಹೋಗುವಾಗ ಮಳೆ ಮಾರುತಗಳನ್ನು ಮೆಲ್ಲಗೆ ವಿವರಿಸುತ್ತಿದ್ದ ಸಣಕಲು ಮನುಷ್ಯ. ಬರುವಾಗ ಮೀಸೆ ಬಿಟ್ಟುಕೊಂಡು, ಹೊಟ್ಟೆಯ ತಳದಿಂದ 'ಸಾವಧಾನ್' ಎಂದು ಕೂಗುವವರಾಗಿ ಬಂದರು. ಮೊದಲ ದಿನ ಆ ಕೂಗಿಗೆ ಪಕ್ಕದ ಸಂತೆಯ ಕಟ್ಟೆಯ ಮೇಲೆ ಮಲಗಿದ್ದ ಇಬ್ಬರು ಎದ್ದು ನಿಂತರು. ಹೆಸರು ಕೊಟ್ಟರೆ ಹುಡುಗರನ್ನು ಮಿಲಿಟರಿಯವರು ರೈಲಿನಲ್ಲಿ ತುಂಬಿಕೊಂಡು ಹೋಗುತ್ತಾರೆ ಎಂದು ತಾಯಂದಿರು ಹೆದರಿದ್ದರು. ಪರೇಡಿನ ನಂತರ ಚುರುಮುರಿ ಸುಸಲಾ, ಎರಡು ಮಿರ್ಚಿ ಭಜಿ ಕೊಡುತ್ತಾರೆ ಎಂಬ ಸುದ್ದಿ ಹಬ್ಬಿದ ಮೇಲೆ ಎರಡೇ ದಿನದಲ್ಲಿ ಪಟ್ಟಿ ತುಂಬಿತು. ದೇಶಪ್ರೇಮ ಎಲ್ಲಿಂದ ಶುರುವಾಗುತ್ತದೆ ಎಂದು ಯಾರು ಹೇಳಬಲ್ಲರು.

ಖಾಕಿ ಬಟ್ಟೆಗೆ ಗಂಜಿ ಹಾಕಬೇಕೆಂದು ಆಜ್ಞೆಯಾಯಿತು. ಅಕ್ಕಿ ಹಬ್ಬಕ್ಕೆ ಮಾತ್ರ ಬೇಯುವ ಮನೆಗಳಲ್ಲಿ ಗಂಜಿ ಎಲ್ಲಿಂದ ಬರಬೇಕು. ಜೋಳದ ಅಂಬಲಿಯಲ್ಲೇ ಅದ್ದಿ ಒಣಗಿಸಿದೆವು. ಬಟ್ಟೆ ಹಲಗೆಯಂತೆ ನಿಂತಿತು, ನಿಜ. ಆದರೆ ಪರೇಡಿನ ಮೈದಾನಕ್ಕೆ ಹೋಗುವಾಗ ಓಣಿಯ ಆಡುಗಳು ನಮ್ಮ ಬೆನ್ನು ಹತ್ತುತ್ತಿದ್ದವು. ಬೆಲ್ಟಿನ ಹಿತ್ತಾಳೆಯನ್ನು ಹುಣಸೆಹಣ್ಣು, ಫರಸಿ ಪುಡಿ ಹಾಕಿ ತಿಕ್ಕುತ್ತಿದ್ದೆವು. ಬಂದೂಕುಗಳನ್ನು ಊರ ಬಡಿಗ ಕಟ್ಟಿಗೆಯಲ್ಲಿ ಮಾಡಿಕೊಟ್ಟ. ಅವನ ಕೈ ನೇಗಿಲಿಗೆ ಪಳಗಿದ್ದರಿಂದ ಎಲ್ಲ ಬಂದೂಕುಗಳಿಗೂ ಒಂದು ಸಣ್ಣ ಬಾಗು ಇತ್ತು.

ಬೂಟುಗಳು ಮಾತ್ರ ಅಸಲಿ. ಕಲಬುರ್ಗಿಯಿಂದ ಗೋಣಿಚೀಲದಲ್ಲಿ ಬಂದವು. ಎಣಿಸಿದರೆ ಇಪ್ಪತ್ತೊಂಬತ್ತು ಜೋಡಿ. ನಾವು ಮೂವತ್ತು ಜನ. ಸಣ್ಣ ಅಳತೆಯವನ್ನು ಎಲ್ಲರೂ ಮುಗಿಬಿದ್ದು ಆರಿಸಿಕೊಂಡರು. ನಾನು ತಹಶೀಲ ಕಚೇರಿಯ ಕಾರಕೂನರ ಮಗ, ನನಗೆ ಕರೆದು ಕೊಡುತ್ತಾರೆ ಎಂಬ ಜಂಬದಲ್ಲಿ ದೂರ ನಿಂತಿದ್ದೆ. ಯಾರೂ ಕರೆಯಲಿಲ್ಲ. ಚೀಲದ ತಳದಲ್ಲಿ ಒಂಬತ್ತನೆಯ ನಂಬರಿನ ಒಂದು ಜೋಡಿ ಉಳಿಯಿತು. ಉಳಿದವರು ಇಬ್ಬರು, ನಾನು ಮತ್ತು ಸಾಯಬಣ್ಣ.

ಸಾಯಬಣ್ಣ ರಾವೂರಿನ ಕಡೆಯವನು. ಅವನಪ್ಪ ಅಲ್ಲಿಯ ಫರಸಿ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ. ಹುಡುಗ ದಿನಾ ಎರಡು ತಾಸು ನಡೆದು ಶಾಲೆಗೆ ಬರುತ್ತಿದ್ದ, ಎರಡು ತಾಸು ನಡೆದು ಹೋಗುತ್ತಿದ್ದ. ಹುಟ್ಟಿದಂದಿನಿಂದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಅವನ ಪಾದಗಳು ಅಗಲವಾಗಿ ಹರಡಿಕೊಂಡಿದ್ದವು. ಆ ಬೂಟು ಅವನಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ನನಗೋ, ಮುಂದೆ ಎರಡು ಬೆರಳು ಜಾಗ ಖಾಲಿ. ಅವ್ವನ ಹಳೆಯ ಸೀರೆಯ ಚಿಂದಿ ತುರುಕಿಕೊಂಡರೆ ಮಾತ್ರ ಕಾಲಿನಲ್ಲಿ ನಿಲ್ಲುತ್ತಿತ್ತು. ನ್ಯಾಯವಾಗಿ ಬೂಟು ಅವನವೇ. ಆದರೆ ರಾವ್ ಸರ್ ಕಾರಕೂನರ ಮಗನನ್ನು ಬಿಡುವಂತಿರಲಿಲ್ಲ, ಕಲ್ಲಿನವನ ಮಗನನ್ನು ಬಿಡಲು ಮನಸ್ಸಿರಲಿಲ್ಲ. ಬುಧವಾರ ನಾನು, ಶನಿವಾರ ಅವನು ಎಂದು ಪಾಳಿ ಹಾಕಿದರು. ಪಾಳಿ ಇಲ್ಲದವನು ಬೇವಿನ ಗಿಡದ ಕೆಳಗೆ ನೀರಿನ ಕೊಡದ ಹತ್ತಿರ ನಿಂತು ನೋಡಬೇಕು. ಹಾಜರಿ ಪುಸ್ತಕದ ಪ್ರಶ್ನೆ ಬಂದಾಗ ಸರ್ ಅದನ್ನೂ ಬಗೆಹರಿಸಿದರು.

"ಬೂಟು ಬಂದಾವಂದ್ರ ಇಬ್ಬರೂ ಬಂದಂಗ. ಇಬ್ಬರ್ದೂ ಹಾಜರಿ ಬರ್ಕೊಳ್ರಿ."

ಹೀಗೆ ನಮ್ಮ ಶಾಲೆಯಲ್ಲಿ ಮನುಷ್ಯರ ಬದಲು ಬೂಟಿಗೆ ಹಾಜರಿ ಹಾಕುವ ಪದ್ಧತಿ ಶುರುವಾಯಿತು. ನಾವಿಬ್ಬರೂ ನಗುತ್ತಿದ್ದೆವು. ಪಾಳಿ ಮುಗಿದ ಮೇಲೆ ಬೂಟು ಒರೆಸಿ, ಪಾಲಿಶ್ ಮಾಡಿ ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದೆವು. ಸಾಯಬಣ್ಣನದು ಒಂದು ಚಾಳಿ. ಬೂಟು ಕೈಗೆ ಬಂದ ಕೂಡಲೇ ಅದನ್ನು ತಲೆಕೆಳಗೆ ಮಾಡಿ ಕಲ್ಲಿಗೆ ಎರಡು ಸಲ ಬಡಿಯುತ್ತಿದ್ದ, ಒಳಗೆ ಇಣುಕಿ "ಚೇಳಿಲ್ಲ" ಎನ್ನುತ್ತಿದ್ದ, ಆಮೇಲೆ ಕಾಲು ಹಾಕುತ್ತಿದ್ದ. ಖಣಿಯವರೆಲ್ಲ ಹಾಗೇ. ಫರಸಿಯ ಸಂದಿಗಳಲ್ಲಿ ಚೇಳು ಹೆಚ್ಚು, ಅವು ಕತ್ತಲು ಸಿಕ್ಕಲ್ಲಿ ಸೇರಿಕೊಳ್ಳುತ್ತವೆ. ಮೊದಲು ಬಡಿ, ಆಮೇಲೆ ತೊಡು ಎಂದು ಅವನಪ್ಪ ಕಲಿಸಿದ್ದ. ನನ್ನ ಚಿಂದಿ ಬಿಟ್ಟರೆ ಬೇರೇನೂ ಅದರೊಳಗಿಂದ ಬಿದ್ದದ್ದನ್ನು ನಾವು ನೋಡಿರಲಿಲ್ಲ.

ಶನಿವಾರ ಅವನು ಪರೇಡ್ ಮಾಡುವುದನ್ನು ನೋಡಬೇಕಿತ್ತು. ಅವನಪ್ಪ ಕಲ್ಲಿನ ಎಳೆ ಹಿಡಿದು ಒಂದೇ ಏಟಿಗೆ ಸೀಳುತ್ತಿದ್ದನಂತೆ. ಮಗನೂ ಗೆರೆ ಎಳೆದಂತೆ ನಡೆಯುತ್ತಿದ್ದ. 'ಥಮ್' ಎಂದು ನಿಲ್ಲಿಸಿದರೆ ಉಳಿದ ಇಪ್ಪತ್ತೆಂಟು ಜನರ ಹಿಮ್ಮಡಿ ಒಂದೊಂದಾಗಿ ಬೀಳುತ್ತಿತ್ತು, ಅವನದು ಸರಿಯಾದ ಗಳಿಗೆಗೆ ಬೀಳುತ್ತಿತ್ತು. ತಿಂಗಳಿಗೊಮ್ಮೆ ಕಲಬುರ್ಗಿಯಿಂದ ಬರುತ್ತಿದ್ದ ಹವಾಲ್ದಾರರು ಬೇರೆ ಯಾರನ್ನೂ ನೋಡುತ್ತಿರಲಿಲ್ಲ. ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಸಿಕ್ಕರೆ ಮಿಲಿಟರಿ ಭರ್ತಿಯಲ್ಲಿ ಬೇರೆ ಸಾಲು, ಬೇಗ ತೆಗೆದುಕೊಳ್ಳುತ್ತಾರೆ ಎಂದು ಅವರೇ ಅವನಿಗೆ ಹೇಳಿದ್ದರು.

ಒಂದು ದಿನ ಬೇವಿನ ಗಿಡದ ಕೆಳಗೆ ಅವನು ನನಗೆ ಹೇಳಿದ: "ನಾ ಖಣಿಗಿ ಇಳಿಯಂಗಿಲ್ಲ ನೋಡು ಗುರ್ಯಾ. ನಮ್ಮಪ್ಪ ಕೆಮ್ಮೋದು ಕೇಳಿದ್ರ ನಿನಗ ರಾತ್ರಿ ನಿದ್ದಿ ಬರಂಗಿಲ್ಲ. ಸರ್ಟಿಫಿಕೇಟ್ ಒಂದು ಸಿಗಲಿ."

ನನ್ನ ಹೆಸರು ಗುರುನಾಥ. ಗುರ್ಯಾ ಎಂದು ಕರೆಯುತ್ತಿದ್ದವನು ಅವನೊಬ್ಬನೇ.

ಎರಡನೆಯ ವರ್ಷದ ಕೊನೆಗೆ ಪರೀಕ್ಷೆ ಬಂತು. ಪರೀಕ್ಷೆ ನಡೆಸುವ ಮಿಲಿಟರಿ ಸಾಹೇಬರು ಅದೇ ವಾರ ವಾಡಿ, ಶಹಾಬಾದಗಳ ಶಾಲೆಗಳನ್ನೂ ನೋಡಬೇಕಿದ್ದರಿಂದ ನಮ್ಮಲ್ಲಿ ಅರ್ಧ ಜನರಿಗೆ ಬುಧವಾರ, ಉಳಿದರ್ಧ ಜನರಿಗೆ ಶನಿವಾರ ಎಂದು ಗೊತ್ತಾಯಿತು. ಶನಿವಾರ ಎಲ್ಲರೂ ಸೇರಿ ಫೋಟೋ. ರಾವ್ ಸರ್ ನನ್ನನ್ನು ಬುಧವಾರಕ್ಕೂ ಸಾಯಬಣ್ಣನನ್ನು ಶನಿವಾರಕ್ಕೂ ಹಾಕಿದರು. ಬೂಟಿನ ಪಾಳಿ ಹೇಗಿತ್ತೋ ಹಾಗೆ. ಬುಧವಾರ ನಾನು ಚಿಂದಿ ತುರುಕಿಕೊಂಡು ಮೈದಾನಕ್ಕಿಳಿದೆ. ಪಾಸಾಗುವಷ್ಟು ನಡೆದೆ. ಸಂಜೆ ಸಾಯಬಣ್ಣ ಬೂಟಿಗೆ ಕೈ ಚಾಚಿದ. ಪಾಲಿಶ್ ಮಾಡಿ ನಾಳೆ ಕೊಡುತ್ತೇನೆ ಎಂದೆ. ಅವನು ಹೂಂ ಎಂದ.

ಮರುದಿನ ನಾವು ಚಿಂಚೋಳಿಗೆ ಹೊರಟೆವು. ಶುಕ್ರವಾರ ಅಲ್ಲಿ ನಮ್ಮ ಸೋದರಮಾವನ ಮಗಳ ಮದುವೆ. ನನ್ನ ಹತ್ತಿರ ಒಳ್ಳೆಯ ಚಪ್ಪಲಿ ಇದ್ದವು. ಕ್ಯಾನ್ವಾಸ್ ಬೂಟೂ ಇದ್ದವು. ಆದರೂ ನಾನು ಬಿಳಿಯ ಪಾಯಿಜಾಮದ ಕೆಳಗೆ ಸರಕಾರದ ಕರಿಯ ಬೂಟು ಹಾಕಿಕೊಂಡು ಬಸ್ಸು ಹತ್ತಿದೆ. ಹದಿನೈದು ವರ್ಷದ ಹುಡುಗನಿಗೆ ಮಾವನ ಮನೆಯ ಹುಡುಗಿಯರೆದುರು ಟಕ್ ಟಕ್ ಎಂದು ನಡೆಯುವ ಅವಕಾಶ ಜೀವನದಲ್ಲಿ ಎಷ್ಟು ಸಲ ಬರುತ್ತದೆ. ಶುಕ್ರವಾರ ಸಂಜೆ ಐದರ ಬಸ್ಸಿಗೆ ಹಿಂತಿರುಗುತ್ತೇನೆ, ರಾತ್ರಿ ಶಾಲೆಯ ಜವಾನನ ಹತ್ತಿರ ಬೂಟು ಇಡುತ್ತೇನೆ, ಬೆಳಿಗ್ಗೆ ಸಾಯಬಣ್ಣನ ಕಾಲಿಗೆ ಬೂಟು. ಲೆಕ್ಕ ಸರಿಯಾಗಿತ್ತು. ಒಬ್ಬ ಹುಡುಗನ ಕೈಯಲ್ಲಿ ಅವನಿಗೆ ಹೇಳಿಯೂ ಕಳಿಸಿದ್ದೆ.

ಚಿಂಚೋಳಿಯಲ್ಲಿ ಬೂಟು ಇಳಿದ ಕೂಡಲೇ ಮಾವ ಕೇಳಿದ: "ಏನಪಾ ಗುರುನಾಥ, ಯಾವ ಠಾಣೆಗಿ ಬದಲಿ ಆಯ್ತು?" ಎಲ್ಲರೂ ನಕ್ಕರು. ತೆಲುಗು ಬೆರೆಸಿ ಮಾತಾಡುವ ಮುದುಕಿಯೊಬ್ಬಳು ಬಗ್ಗಿ ಬೂಟು ಮುಟ್ಟಿ ನೋಡಿದಳು. ಅಕ್ಕಿಕಾಳು ಬಿದ್ದವು, ಊಟವಾಯಿತು. ಐದು ಗಂಟೆಗೆ ನಾನು ಹೊರಡಬೇಕು ಎನ್ನುವಾಗ ಮೆರವಣಿಗೆ ಎದ್ದಿತು. ಮದುಮಗನ ಕುದುರೆ, ಅದರ ಮುಂದೆ ಬಾಜಾದವರು. ಮಾವನಿಗೆ ಒಂದು ಹುಕಿ ಬಂತು. "ಗುರುನಾಥ, ಬಾಜಾದ ಮುಂದ ನೀ ನಡಿಯಪಾ, ಮಿಲಿಟರಿ ನಡಿಗಿ ತೋರಸು ಮಂದಿಗಿ" ಎಂದ.

ಬಸ್ಸಿನ ವೇಳೆ ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಗೊತ್ತಿತ್ತು. ನಾನು ಬಾಜಾದ ಮುಂದೆ ಎದೆ ಉಬ್ಬಿಸಿ 'ತೇಜ್ ಚಲ್' ನಡೆದೆ. ಓಣಿಯ ತಿರುವಿನಲ್ಲಿ ಬಸ್ಸು ಎದುರಿಗೇ ಬಂತು. ಡ್ರೈವರ್ ಹಾರನ್ ಹೊಡೆದು ನಿಧಾನ ಮಾಡಿದ, ಮಂದಿ ಬದಿಗೆ ಸರಿದು ದಾರಿ ಬಿಟ್ಟರು. ನಾನು ಕೈ ಎತ್ತಿದ್ದರೆ ನಿಲ್ಲುತ್ತಿತ್ತು. ಕೈ ಎತ್ತಿದೆ ಕೂಡ. ಬಸ್ಸಿಗೆ ಒಂದು ಸಲ್ಯೂಟ್ ಹೊಡೆದೆ. ಮಾವನ ಮನೆಯ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಬಸ್ಸು ಹೋಯಿತು. ನಾನು ಹೊಡೆದ ಸಲ್ಯೂಟುಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ.

ಶನಿವಾರ ಶಾಲೆ ಮುಟ್ಟಿದಾಗ ನಡು ಮಧ್ಯಾಹ್ನ. ನಡೆದದ್ದನ್ನು ಬೇರೆ ಹುಡುಗರು ಹೇಳಿದರು. ಸಾಯಬಣ್ಣ ಬೆಳಗಾಗುವುದರೊಳಗೆ ಬಂದು ಬೇವಿನ ಗಿಡದ ಕೆಳಗೆ ಕುಳಿತಿದ್ದನಂತೆ, ಅಂಬಲಿ ಹಾಕಿದ ಬಟ್ಟೆ, ತಿಕ್ಕಿದ ಬೆಲ್ಟು, ಬರಿಗಾಲು. ಅವನ ಸರದಿ ಬಂದಾಗ ರಾವ್ ಸರ್ ಸಾಹೇಬರ ಹತ್ತಿರ ಹೋಗಿ ಬೇಡಿಕೊಂಡರಂತೆ. "ಬೂಟ್ ನಹೀಂ ತೋ ಟೆಸ್ಟ್ ನಹೀಂ" ಎಂದರಂತೆ ಸಾಹೇಬರು. ಉಳಿದವರ ಬೂಟುಗಳನ್ನೆಲ್ಲ ತಂದು ನೋಡಿದ್ದಾಯಿತು, ಅವನ ಹಿಮ್ಮಡಿ ಒಂದರಲ್ಲೂ ಇಳಿಯಲಿಲ್ಲ. ಬರಿಗಾಲಲ್ಲೇ ಮಾಡಿ ತೋರಿಸುತ್ತೇನೆ ಎಂದು ಅವನು ಕೇಳಿಕೊಂಡನಂತೆ. ಸಾಹೇಬರು ಮುಂದಿನ ಹೆಸರು ಕರೆದರು. ಫೋಟೋಕ್ಕೆ ಅವನು ನಿಲ್ಲದೆ ಹೊರಟಿದ್ದ. ರಾವ್ ಸರ್ ಕೈ ಹಿಡಿದು ತಂದು, "ನೀನೂ ನಮ್ಮವನೇ ಅದೀಯೋ" ಎಂದು ಹಿಂದಿನ ಸಾಲಿನ ತುದಿಗೆ ಬೆಂಚಿನ ಮೇಲೆ ನಿಲ್ಲಿಸಿದರು.

ನಾನು ಹೋದಾಗ ಅವನು ಗಿಡದ ಕೆಳಗೇ ಇದ್ದ. ನನ್ನ ಕಾಲನ್ನು ನೋಡಿದ.

"ಎಲ್ಲಿ ಉಳದಿದ್ದೆಲೇ ಗುರ್ಯಾ?"

"ಜ್ವರ ಬಂದಿದ್ವು. ಚಿಂಚೋಳ್ಯಾಗ ಮಲಗೇ ಇದ್ದೆ" ಎಂದೆ.

ಅವನು ಎದ್ದು ಬಂದು ನನ್ನ ಹಣೆಯ ಮೇಲೆ ಕೈ ಇಟ್ಟ. ಸ್ವಲ್ಪ ಹೊತ್ತು ಇಟ್ಟೇ ಇದ್ದ. "ಈಗ ಇಳದಾವ ಬಿಡು" ಎಂದ.

ಬೂಟುಗಳನ್ನು ಅಂದು ಚೀಲಕ್ಕೆ ಹಿಂತಿರುಗಿಸಬೇಕಿತ್ತು, ಶನಿವಾರದ ಪಾಳಿ ಅವನದಾದ್ದರಿಂದ ಒಪ್ಪಿಸುವವನೂ ಅವನೇ. ಬಿಚ್ಚಿಕೊಟ್ಟೆ. ಅವನು ಚಾಳಿಯಂತೆ ಒಂದನ್ನು ತಲೆಕೆಳಗೆ ಮಾಡಿ ಕಲ್ಲಿಗೆ ಬಡಿದ. ಅವ್ವನ ಸೀರೆಯ ಚಿಂದಿ ಬಿತ್ತು. ಅದರ ಹಿಂದೆ ಅರಿಶಿನದ ಅಕ್ಕಿಕಾಳುಗಳು ಬಿದ್ದವು. ಮದುವೆಯ ಚಪ್ಪರದಲ್ಲಿ ಮಂದಿ ಎರಚುವಾಗ ನನ್ನ ದೊಗಲೆ ಬೂಟಿನೊಳಗೆ ಸೇರಿಕೊಂಡಿದ್ದವು. ಕರಿಯ ಕಲ್ಲಿನ ಮೇಲೆ ಹಳದಿ ಕಾಳು ಎದ್ದು ಕಾಣುತ್ತಿದ್ದವು. ಅವನು ಅವನ್ನು ನೋಡಿದ. ಎರಡನೆಯ ಬೂಟನ್ನೂ ಬಡಿದ. ಅದರೊಳಗಿಂದಲೂ ಬಿದ್ದವು.

"ಚೇಳಿಲ್ಲ" ಎಂದು ಬೂಟುಗಳನ್ನು ಎತ್ತಿಕೊಂಡು ಹೋದ.

ಬೈದಿದ್ದರೆ, ಹೊಡೆದಿದ್ದರೆ, ನಾನು ಈ ಪ್ರಬಂಧ ಬರೆಯುವ ಅಗತ್ಯವಿರಲಿಲ್ಲ. ಹೊಡೆತ ತಿಂದವನು ಲೆಕ್ಕ ಚುಕ್ತಾ ಆಯಿತೆಂದು ಊರ ತುಂಬ ಹಗುರಾಗಿ ತಿರುಗುತ್ತಾನೆ. ಸಾಯಬಣ್ಣ ಆ ಉಪಕಾರ ಮಾಡಲಿಲ್ಲ. ಮರುವರ್ಷ ಭರ್ತಿಗೆಂದು ಕಲಬುರ್ಗಿಗೆ ಹೋಗಿ ಸರ್ಟಿಫಿಕೇಟ್ ಇಲ್ಲದವರ ಉದ್ದನೆಯ ಸಾಲಿನಲ್ಲಿ ನಿಂತ. ಸಂಜೆಗೆ ಬೇಕಾದಷ್ಟು ಜನ ಸಿಕ್ಕರೆಂದು ಆ ಸಾಲನ್ನು ಮನೆಗೆ ಕಳಿಸಿದರು. ಆ ಬೇಸಿಗೆಯಲ್ಲಿ ಅವನು ಖಣಿಗೆ ಇಳಿದ. ನನ್ನ ಸರ್ಟಿಫಿಕೇಟ್ ನನಗೆ ನೌಕರಿ ಕೊಡಿಸಿತು. ರಾವ್ ಸರ್ ನಿವೃತ್ತರಾಗುವ ಹೊತ್ತಿಗೆ ಶಾಲೆಗೆ ಎನ್.ಸಿ.ಸಿ. ಬಲ್ಲ ಮಾಸ್ತರ ಬೇಕಾಗಿದ್ದ, ಅರ್ಜಿ ಹಾಕಿದವರಲ್ಲಿ ಆ ಕಾಗದ ಇದ್ದವನು ನಾನೊಬ್ಬ. ಈಗ ಹೊಟ್ಟೆಯ ತಳದಿಂದ 'ಸಾವಧಾನ್' ಎಂದು ಕೂಗುವವನು ನಾನೇ. ಮೀಸೆ ಮಾತ್ರ ಬಿಡಲಿಲ್ಲ. ಅಷ್ಟು ಮಾನ ಉಳಿಸಿಕೊಂಡಿದ್ದೇನೆ.

ಇನ್ನು ಆ ಫೋಟೋ. ಡ್ರಾಯಿಂಗ್ ಮಾಸ್ತರರು ಅದಕ್ಕೆ ಕಟ್ಟು ಹಾಕಿಸಿ ಕೆಳಗೆ ಮುತ್ತಿನಂಥ ಅಕ್ಷರಗಳಲ್ಲಿ ಹೆಸರು ಬರೆದರು. ಅವರ ಕೈಯಲ್ಲಿದ್ದದ್ದು ಪಾಸಾದವರ ಪಟ್ಟಿ. ಪಟ್ಟಿಯಲ್ಲಿ ಇಪ್ಪತ್ತೊಂಬತ್ತು ಹೆಸರು, ಫೋಟೋದಲ್ಲಿ ಇಪ್ಪತ್ತೊಂಬತ್ತು ಮುಖ. ಅವರಿಗೆ ಅಷ್ಟು ಸಾಕಾಯಿತು. ಪಟ್ಟಿಯಲ್ಲಿ ನಾನಿದ್ದೆ, ಫೋಟೋದಲ್ಲಿ ಇರಲಿಲ್ಲ. ಫೋಟೋದಲ್ಲಿ ಸಾಯಬಣ್ಣ ಇದ್ದ, ಪಟ್ಟಿಯಲ್ಲಿ ಇರಲಿಲ್ಲ. ಗೊತ್ತಿದ್ದ ಮುಖಗಳಿಗೆಲ್ಲ ಹೆಸರು ಕೊಟ್ಟ ಮೇಲೆ ತುದಿಯಲ್ಲಿ ಒಂದು ಮುಖ, ಒಂದು ಹೆಸರು ಉಳಿದವು. ಎರಡನ್ನೂ ಜೋಡಿಸಿ ಮುಗಿಸಿದರು. ಆ ಚೌಕಟ್ಟು ಹೆಡ್ಮಾಸ್ತರರ ಕೋಣೆಯ ಗೋಡೆಗೆ ಏರಿತು. ನಾನು ನೌಕರಿಗೆ ಸೇರಿದ ದಿನದಿಂದ ಸಂಬಳದ ಸಹಿಗೆ ಹೋದಾಗಲೆಲ್ಲ ಅದನ್ನು ನೋಡುತ್ತ ಬಂದೆ. ಇವತ್ತಲ್ಲ ನಾಳೆ ಹೇಳಿ ಸರಿಪಡಿಸಿದರಾಯಿತು ಎಂದುಕೊಳ್ಳುತ್ತಿದ್ದೆ. ಹೇಳಿದರೆ ಅಂದು ನೀನು ಎಲ್ಲಿದ್ದೆ ಎಂಬ ಪ್ರಶ್ನೆ ಬರುತ್ತಿತ್ತು.

ಬೆಳ್ಳಿಹಬ್ಬದ ವರ್ಷ ಬಂದ ಹೊಸ ಹೆಡ್ಮಾಸ್ತರರು ಹೊರಗಿನವರು, ಬಹಳ ಮೃದು ಮನಸ್ಸಿನವರು. ಒಂದು ದಿನ ಚೌಕಟ್ಟನ್ನು ಇಳಿಸಿ, ಧೂಳು ಒರೆಸಿ, ಹತ್ತಿರದಿಂದ ನೋಡಿದ್ದಾರೆ. ಟೋಪಿ ಇಳಿದ, ಮಾಸಿದ ಮುಖಗಳಲ್ಲಿ ಯಾರು ಯಾರೆಂದು ತಿಳಿಯುವಂತಿಲ್ಲ. ಆದರೆ ತುದಿಯ ಹುಡುಗನ ಮುಂದೆ ಯಾರೂ ಕುಳಿತಿಲ್ಲವಾದ್ದರಿಂದ ಅವನ ಕಾಲು ಪೂರ್ತಿ ಕಾಣುತ್ತವೆ. ಎಲ್ಲರ ಕಾಲಿನಲ್ಲಿ ಬೂಟು, ಅವನದು ಬರಿಗಾಲು, ಕೆಳಗೆ ನನ್ನ ಹೆಸರು. ಅವರು ನನ್ನನ್ನು ಕರೆಸಿದರು. ಕಣ್ಣು ಒದ್ದೆಯಾಗಿದ್ದವು.

"ಇಷ್ಟು ಕಷ್ಟದಾಗ ಓದೀರಿ, ಒಂದು ದಿನಾನೂ ಬಾಯಿ ಬಿಟ್ಟು ಹೇಳಿಲ್ಲಲ್ರಿ ಗುರುನಾಥ ಸರ್" ಎಂದರು.

ಆ ಕ್ಷಣ ಹೇಳಬಹುದಿತ್ತು. ನಾನು ತಲೆ ತಗ್ಗಿಸಿ ನಿಂತೆ. ಅದನ್ನು ಅವರು ವಿನಯ ಎಂದುಕೊಂಡರು. ಸಂಚಿಕೆಯಲ್ಲಿ ಎನ್.ಸಿ.ಸಿ.ಯ ಪುಟವನ್ನು ತಾವೇ ಬರೆದರು. ಖಣಿಯ ಕಲ್ಲುಗಳ ನಾಡಿನಲ್ಲಿ ಬರಿಗಾಲಲ್ಲಿ ನಿಂತು ದೇಶಸೇವೆಯ ದೀಕ್ಷೆ ತೊಟ್ಟ ಬಾಲಕ, ಇಂದು ನಮ್ಮ ನಡುವೆ ಶಿಕ್ಷಕ, ಇತ್ಯಾದಿ. ಕಲಬುರ್ಗಿಯ ಪ್ರೆಸ್ಸಿನಿಂದ ಕರಡು ತಿದ್ದಲು ನನ್ನ ಹತ್ತಿರವೇ ಬಂತು. ಒಂದು ಗೆರೆ ಎಳೆದಿದ್ದರೆ ಸಾಕಿತ್ತು. ನಾನು ಎರಡು ಕಡೆ ಅಲ್ಪವಿರಾಮ ಹಾಕಿ ವಾಪಸ್ಸು ಕಳಿಸಿದೆ. ಉಂಡೂ ಹೋದ, ಕೊಂಡೂ ಹೋದ ಎಂಬ ಗಾದೆಯ ಮನುಷ್ಯನನ್ನು ನಾನು ಬೇರೆಲ್ಲೋ ಹುಡುಕುತ್ತಿದ್ದೆ. ಮೊದಲು ಅವನ ಬೂಟು ತೊಟ್ಟೆ, ಈಗ ಅವನ ಬರಿಗಾಲನ್ನೂ ತೊಟ್ಟುಕೊಂಡೆ.

ಸಮಾರಂಭದಲ್ಲಿ ಮುಖ್ಯ ಅತಿಥಿಗಳು ಆ ಪುಟವನ್ನು ಗದ್ಗದರಾಗಿ ಓದಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಮುಟ್ಟಿಕೊಳ್ಳುವಷ್ಟೂ ಪುರುಸೊತ್ತು ಕೊಡದೆ ಹೆಗಲ ಮೇಲೆ ಶಾಲು ಹೊದಿಸಿದರು. ಚಪ್ಪಾಳೆ ಬಿದ್ದವು. ಪಾಲಕರು ಕುಳಿತ ಕಡೆ ಮೂರನೆಯ ಸಾಲಿನಲ್ಲಿ ಸಾಯಬಣ್ಣ ಇದ್ದ. ಅವನ ಮಗ ಶಿವು ಎಂಟನೆಯ ತರಗತಿಗೆ ನಮ್ಮಲ್ಲೇ ಸೇರಿದ್ದಾನೆ. ಸಾಯಬಣ್ಣನ ಕೂದಲು ನನಗಿಂತ ಹೆಚ್ಚು ಬೆಳ್ಳಗಾಗಿತ್ತು, ಅದರಲ್ಲಿ ಎಷ್ಟು ವಯಸ್ಸು, ಎಷ್ಟು ಕಲ್ಲಿನ ಧೂಳು ಎಂದು ವೇದಿಕೆಯಿಂದ ತಿಳಿಯುವಂತಿರಲಿಲ್ಲ. ಅವನೂ ಚಪ್ಪಾಳೆ ತಟ್ಟುತ್ತಿದ್ದ. ನಡುವೆ ನಿಲ್ಲಿಸಿ ಕೆಮ್ಮಿದ, ಮತ್ತೆ ತಟ್ಟಿದ.

ಆ ಫೋಟೋವನ್ನು ಅಂದು ಎಲ್ಲರೂ ನೋಡಲೆಂದು ವರಾಂಡದಲ್ಲಿ ತೂಗುಹಾಕಿದ್ದರು. ಊಟದ ಗದ್ದಲದಲ್ಲಿ ನಾನು ಅತ್ತ ಹೋದಾಗ ತಂದೆ ಮಗ ಇಬ್ಬರೂ ಅದರ ಮುಂದೆ ನಿಂತಿದ್ದರು. ನಾನು ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ಹುಡುಗ ಹೆಸರುಗಳನ್ನು ಬೆರಳಿಟ್ಟು ಓದುತ್ತ ತುದಿಗೆ ಬಂದ.

"ಅಪ್ಪಾ, ಇಲ್ಲಿ ನಮ್ಮ ಸರ್ ಹೆಸರದ. ಖರೇನೇ ಇವ್ರು ಸರ್ ಏನು? ನಿನ್ನಂಗ ಕಾಣ್ತಾರಲ್ಲ."

ಸಾಯಬಣ್ಣ ಬಗ್ಗಿ ಫೋಟೋ ನೋಡಿದ. "ಹೌದಪಾ" ಎಂದ. "ಆವಾಗ ಸರ್ ನನ್ನಂಗೇ ಕಾಣ್ತಿದ್ರು."

ತಿರುಗಿದವನು ನನ್ನನ್ನು ನೋಡಿ ಕೈ ಮುಗಿದ. "ನಮಸ್ಕಾರ್ರಿ ಸರ್. ಶಾಲು ಭಾಳ ಛಲೋ ಅದರಿ. ಮಗಂದು ಎನ್.ಸಿ.ಸಿ.ಗಿ ಹೆಸರು ಬರಸ್ತೀನ್ರಿ. ಕಾಲು ನನ್ನಂಗೇ ಅಗಲ ಅದಾವ. ಬೂಟು ಒಂದು ದೊಡ್ಡದು ನೋಡಿ ಕೊಡ್ರಿ." ಗುರ್ಯಾ ಎನ್ನಲಿಲ್ಲ. ಆ ಹೆಸರಿನಿಂದ ಕರೆಯುವವರು ಈಗ ಯಾರೂ ಇಲ್ಲ, ನನಗೆ ಅದಕ್ಕಾಗಿ ಅಳು ಬಂತು. ಊಟ ಮಾಡಿ ಹೋಗಿರಿ ಎಂದೆ. ಬಹುವಚನ ತಾನಾಗಿಯೇ ಬಂತು.

ಮುಂದಿನ ಬುಧವಾರ ಕಲಬುರ್ಗಿಯಿಂದ ಬೂಟಿನ ಚೀಲ ಬಂತು. ಈಗೆಲ್ಲ ಬೇಕಾದಷ್ಟು ಜೋಡಿ ಬರುತ್ತವೆ, ಯಾರೂ ಪಾಳಿಯಲ್ಲಿ ನಿಲ್ಲಬೇಕಿಲ್ಲ. ಹೊಸ ಹುಡುಗರ ಹೆಸರು ಬರೆದುಕೊಂಡೆ. ಶಿವು ಎಂದು ಬರೆದು, ತಂದೆಯ ಹೆಸರಿನ ಜಾಗದಲ್ಲಿ ಸಾಯಬಣ್ಣ ಎಂದು ಬರೆದೆ. ನಮ್ಮ ಶಾಲೆಯ ಎನ್.ಸಿ.ಸಿ. ಕಾಗದಗಳಲ್ಲಿ ನನ್ನ ಕೈಯಿಂದ ಆ ಹೆಸರು ಬರೆದದ್ದು ಅದೇ ಮೊದಲು. ಚೀಲದಿಂದ ಒಂಬತ್ತನೆಯ ನಂಬರಿನ ಜೋಡಿಯನ್ನು ನಾನೇ ಹುಡುಕಿ ತೆಗೆದು ಹುಡುಗನ ಕೈಗೆ ಕೊಟ್ಟೆ. ಉಳಿದವರೆಲ್ಲ ಆಗಲೇ ಕಾಲು ತೂರಿಸಿ ಟಕ್ ಟಕ್ ಎನ್ನಿಸುತ್ತಿದ್ದರು. ಇವನು ಮಾತ್ರ ಬೂಟನ್ನು ತಲೆಕೆಳಗೆ ಮಾಡಿ ಫರಸಿಗೆ ಎರಡು ಸಲ ಬಡಿದ. ಏನು ಬೀಳುತ್ತದೋ ಎಂದು ನನ್ನ ಕಣ್ಣು ನೆಲಕ್ಕೆ ಹೋಯಿತು. ಕಲ್ಲಿನ ಮೇಲೆ ಏನೂ ಬೀಳಲಿಲ್ಲ.

ಹುಡುಗ ಒಳಗೆ ಇಣುಕಿ, ನನ್ನ ಕಡೆ ನೋಡಿ ನಕ್ಕ. "ಚೇಳಿಲ್ರಿ ಸರ್" ಎಂದ.

ಇದೆ ಎನ್ನಬೇಕಿತ್ತು. ನಾನು 'ಸಾವಧಾನ್' ಎಂದೆ.